ಹಾಡಿನ ಹಿಂದೆ ಕುಳಿತವರು



ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಕಾಲೇಜು ಹುಡುಗಿಯೊಬ್ಬಳು ಈಚೆಗೆ ನನ್ನನ್ನು ಕೇಳಿದಳು: “ಸರ, ಹಾಡೂದನ್ನ ನೆಚ್ಚಿಕೊಂಡ್ರ ಹೊಟ್ಟಿ ತುಂಬತೈತೇನ್ರಿ?” ಹಗಲು ಬಿ.ಕಾಂ. ತರಗತಿ, ಸಂಜೆ ಸಂಗೀತದ ಪಾಠ. ಮನೆಯಲ್ಲಿ ಈ ಪ್ರಶ್ನೆ ಊಟದ ಹೊತ್ತಿಗೆ ದಿನವೂ ಏಳುತ್ತದೆಯಂತೆ. ಹೌದು ಎನ್ನಲಾಗಲಿಲ್ಲ, ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಕೆಲವು ಸಾಕ್ಷ್ಯಚಿತ್ರಗಳ ಹೆಸರು ಬರೆದುಕೊಟ್ಟು, ನೋಡಿಕೊಂಡು ಬಾ ಎಂದೆ. ಅವನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ಕಛೇರಿಯ ಪ್ರಸಾರದಲ್ಲಿ ಕ್ಯಾಮೆರಾ ಗಾಯಕರ ಮುಖ ಬಿಟ್ಟು ಕದಲುವುದು ಕಡಿಮೆ. ಸಾಕ್ಷ್ಯಚಿತ್ರಕ್ಕೆ ಆ ಕಟ್ಟಿಲ್ಲ. ರಾತ್ರಿ ರೈಲಿನ ಪ್ರಯಾಣ, ಧ್ವನಿಮುದ್ರಣದ ಕೋಣೆ, ಕಂಪನಿಯ ಕರಾರುಪತ್ರ, ಸಂಭಾವನೆಯ ಲಕೋಟೆ, ಇವುಗಳ ಕಡೆಗೂ ಅದು ತಿರುಗಬಹುದು. ತಿರುಗದೆ ಬರೀ ಹಾರ ಹಾಕುವ ಚಿತ್ರಗಳೂ ನಮ್ಮಲ್ಲಿ ಬೇಕಾದಷ್ಟಿವೆ, ಅವನ್ನು ಬಿಡೋಣ.

ಊರಿನಿಂದಲೇ ಆರಂಭಿಸುತ್ತೇನೆ. ಕೇಶ್ವಾಪುರಕ್ಕೆ ಹುಬ್ಬಳ್ಳಿ ರೈಲು ನಿಲ್ದಾಣ ಹತ್ತಿರ. ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಕುಂದಗೋಳಕ್ಕೆ, ಗುರುಗಳಾದ ಸವಾಯಿ ಗಂಧರ್ವರಲ್ಲಿಗೆ, ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಎಚ್.ಎಂ.ವಿ. ಕಂಪನಿ 1930ರ ದಶಕದಲ್ಲೇ ಅವರ ಗಾಯನವನ್ನು ಮುದ್ರಿಸಿಕೊಂಡಿತ್ತು. ಆದರೆ ಆ ಗ್ರಾಮಾಫೋನ್ ತಟ್ಟೆಗಳ ಮೇಲೆ ‘ಗಂಗೂಬಾಯಿ ಹಾನಗಲ್’ ಎಂದು ಹುಡುಕಿದರೆ ಸಿಗುವುದಿಲ್ಲ. ‘ಗಾಂಧಾರಿ ಹುಬ್ಬಳ್ಳಿ’ ಎಂದು ಹುಡುಕಬೇಕು. 78 ಸುತ್ತಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಒಂದು ಗಂಟೆ ಹಿಗ್ಗಬಲ್ಲ ರಾಗವನ್ನು ಅಷ್ಟರೊಳಗೆ ಆರಂಭಿಸಿ ಮುಗಿಸಬೇಕು. ಅಷ್ಟಾಗಿ, ಹಾಡುವ ಮನೆತನದ ಹೆಣ್ಣೆಂದು ಬಾಲ್ಯದಲ್ಲಿ ಧಾರವಾಡದ ಬೀದಿಯಲ್ಲಿ ಕೇಳಿದ ಹೀಯಾಳಿಕೆಯನ್ನು ಅವರು ಮುಂದೆ ತಾವೇ ಹೇಳಿಕೊಂಡಿದ್ದಾರೆ. ಹಾಡು ಬೇಕು, ಹಾಡುವವಳು ಬೇಡ ಎಂಬ ಕಾಲವದು.

ಈ ಮಾತಿನ ಬೆನ್ನು ಹತ್ತಬೇಕಾದರೆ ಸಬಾ ದೇವಾನ್ ಅವರ ‘ದಿ ಅದರ್ ಸಾಂಗ್’ (2009) ನೋಡಿ. ಬನಾರಸಿನ ರಸೂಲನ್ ಬಾಯಿ 1935ರಲ್ಲಿ ತಟ್ಟೆಗೆ ಹಾಡಿದ ಒಂದು ಠುಮ್ರಿಯಲ್ಲಿದ್ದ ಪದವೊಂದು ಮುಂದೆ ಅದೇ ಠುಮ್ರಿಯಲ್ಲಿ ಬದಲಾಯಿತು; ಜನರ ನೆನಪಿನಲ್ಲಿ ಉಳಿದದ್ದು ಬದಲಾದ ಪಾಠ. ಆ ಒಂದು ಪದವನ್ನು ಹುಡುಕುತ್ತ ನಿರ್ದೇಶಕಿ ತವಾಯಫರ ಮನೆಗಳಿಗೆ ಹೋಗುತ್ತಾರೆ. ಸಭ್ಯಸ್ಥರ ವೇದಿಕೆಗೆ ಬರಲು ಗಾಯಕಿಯರು ಏನೇನನ್ನು ಬಿಟ್ಟುಬರಬೇಕಾಯಿತು ಎಂಬುದು ಅಲ್ಲಿ ಬಿಚ್ಚಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ನಮ್ಮ ದೇಶದ ಸಂಗೀತ ಸಾಕ್ಷ್ಯಚಿತ್ರಗಳಲ್ಲಿ ಇದು ಮೊದಲ ಸಾಲಿನದು. ಸ್ವಲ್ಪ ದೊಡ್ಡವರಾದ ಮೇಲೆ ನೋಡಿದರೆ ಹೆಚ್ಚು ತಿಳಿಯುತ್ತದೆ.

ಗ್ರಾಮಾಫೋನು ಕೆಲವರ ಬದುಕಿನ ದಾರಿಯನ್ನೇ ತಿರುಗಿಸಿದ್ದೂ ಉಂಟು. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ, ಇದನ್ನೇ ಕಲಿಯಬೇಕೆಂದು 11ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ರೈಲು ಹತ್ತಿದ ಕಥೆ ನಿಮಗೆ ಗೊತ್ತಿರಬಹುದು. ಅವರನ್ನು ಕುರಿತು ಕವಿ ಗುಲ್ಜಾರ್ ಚಿತ್ರ ಮಾಡಿದ್ದಾರೆ. ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವ, ಬಾಲಕನಾಗಿದ್ದಾಗಲೇ ಊರೂರು ತಿರುಗಿ ಹಾಡಿದವರು. ದೊಡ್ಡ ಗಾಯಕರ ತಟ್ಟೆ ಕೇಳಿ ಹಾಗೆಯೇ ಹಾಡಿ ತೋರಿಸುವ ಮಗುವನ್ನು ನೋಡಲು ಜನ ಸೇರುತ್ತಿದ್ದರು. ದೊಡ್ಡವರಾದ ಮೇಲೆ ಕ್ಷಯರೋಗ ಬಂದು ಒಂದು ಶ್ವಾಸಕೋಶ ಕೆಟ್ಟಿತು. ವರ್ಷಗಟ್ಟಲೆ ಹಾಡದೆ ಮಲಗಬೇಕಾಯಿತು. ಹಾಡುವವನ ದೇಹವೇ ಅವನ ಬಂಡವಾಳ. ಅದು ಕೈಕೊಟ್ಟಾಗ ಏನು ಗತಿ? ಜಬ್ಬಾರ್ ಪಟೇಲರ ‘ಹಂಸ್ ಅಕೇಲಾ’ (2005) ಅವರನ್ನು ಕುರಿತದ್ದು. ಟಿ.ವಿ. ಸ್ಪರ್ಧೆಗಳಲ್ಲಿ ಮಕ್ಕಳು ಹಾಡುವುದನ್ನು ನೋಡುವ ನೀವು ಇದನ್ನೂ ನೋಡುವುದು ಒಳ್ಳೆಯದು.

ಧಾರವಾಡದ ಮಲ್ಲಿಕಾರ್ಜುನ ಮನಸೂರರನ್ನು ಕುರಿತ ನಂದನ್ ಕುಡ್ಯಾಡಿ ಅವರ ‘ರಸಯಾತ್ರಾ’ 1994ರ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥೇತರ ಚಿತ್ರವೆನಿಸಿತು. ಅದರ ಜೊತೆಗೆ ಅವರ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನೂ ಓದಿ. ನಾಟಕ ಕಂಪನಿಯ ಬಾಲನಟ, ಎಚ್.ಎಂ.ವಿ.ಯ ಗಾಯಕ, ಸಂಗೀತ ನಿರ್ದೇಶಕ, ಆಮೇಲೆ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಸಲಹೆಗಾರ: ಎಷ್ಟು ಬಗೆಯ ಕೆಲಸ ನೋಡಿ! ದೇಶವೆಲ್ಲ ಅವರ ಕಡೆ ತಿರುಗುವಷ್ಟರಲ್ಲಿ ಅವರಿಗೆ 60 ದಾಟಿತ್ತು. ಕೇಶ್ವಾಪುರದ ಹುಡುಗಿಯ ತಂದೆಗೆ ಈ ಲೆಕ್ಕ ಹಿತವೆನಿಸದು, ನಿಜ.

ಇನ್ನು ಹೊರದೇಶದ ಎರಡು ಚಿತ್ರಗಳು. ‘ಟ್ವೆಂಟಿ ಫೀಟ್ ಫ್ರಂ ಸ್ಟಾರ್‌ಡಂ’ (2013) ಅಮೆರಿಕದ ಹಿನ್ನೆಲೆಯ ಸಹಗಾಯಕಿಯರ ಕಥೆ. ಡಾರ್ಲೀನ್ ಲವ್ ಎಂಬಾಕೆ 1962ರಲ್ಲಿ ಹಾಡಿದ ಹಾಡು ಬೇರೊಂದು ತಂಡದ ಹೆಸರಿನಲ್ಲಿ ಹೊರಬಂದು ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಕೆಲವು ವರ್ಷಗಳ ಮೇಲೆ ಆಕೆ ಹೊಟ್ಟೆಪಾಡಿಗೆ ಪರರ ಮನೆ ಸ್ವಚ್ಛ ಮಾಡುತ್ತಿದ್ದಳು. ಒಂದು ದಿನ ಬಚ್ಚಲುಮನೆ ತಿಕ್ಕುತ್ತಿದ್ದಾಗ ರೇಡಿಯೋದಲ್ಲಿ ತನ್ನದೇ ಹಾಡು ಬಂತು. ಅಂದೇ ಮತ್ತೆ ಹಾಡಲು ಹೊರಟೆ ಎನ್ನುತ್ತಾಳೆ. ನಮ್ಮಲ್ಲಿ ಈ ಅನ್ಯಾಯ ತಡೆಯಲು ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಚಿತ್ರಗೀತೆ ಬರೆದವರೂ ರಾಗ ಕೂಡಿಸಿದವರೂ ಚಿತ್ರಮಂದಿರದ ಆಚೆಗಿನ ಬಳಕೆಯಿಂದ ಬರುವ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಹಾಡಿದವರಿಗೂ ವಾಣಿಜ್ಯ ಬಳಕೆಯ ರಾಯಧನದಲ್ಲಿ ಹಕ್ಕು ಸಿಕ್ಕಿತು. ಬಿ.ಕಾಂ. ಓದುವವರು ಈ ತಿದ್ದುಪಡಿಯನ್ನು ಒಮ್ಮೆ ಓದಿ. ಅದೂ ಸಂಗೀತದ ಪಾಠವೇ.

ಎರಡನೆಯದು ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ (2012). ಡೆಟ್ರಾಯಿಟಿನ ರೊಡ್ರಿಗೆಜ್ 1970 ಮತ್ತು 71ರಲ್ಲಿ ಎರಡು ಧ್ವನಿಮುದ್ರಿಕೆ ತಂದ. ತನ್ನ ದೇಶದಲ್ಲಿ ಯಾರೂ ಕೊಳ್ಳಲಿಲ್ಲ. ಆತ ಹಳೆಯ ಕಟ್ಟಡ ಕೆಡವುವ ಕೂಲಿಗೆ ಹೋದ. ಅವನಿಗೆ ತಿಳಿಯದಂತೆಯೇ ದಕ್ಷಿಣ ಆಫ್ರಿಕದಲ್ಲಿ ಅವನ ಹಾಡು ಮನೆಮಾತಾಗಿತ್ತು. ಮಾರಾಟದ ಹಣ ಎಲ್ಲಿ ಹೋಯಿತು ಎಂದು ಚಿತ್ರ ಕೇಳುತ್ತದೆ, ಸರಿಯಾದ ಉತ್ತರ ಸಿಗುವುದಿಲ್ಲ. ಆದರೆ ಇಲ್ಲೊಂದು ಎಚ್ಚರ. ರೊಡ್ರಿಗೆಜ್ 1979 ಮತ್ತು 1981ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಹಾಡಿ ಬಂದಿದ್ದ. ಚಿತ್ರ ಅದನ್ನು ಹೇಳುವುದೇ ಇಲ್ಲ. ಹೇಳಿದರೆ ‘ಪೂರ್ತಿ ಮರೆಯಾದವನು’ ಎಂಬ ಕಥೆಯ ಬಿಗಿ ಸಡಿಲಾಗುತ್ತಿತ್ತು. ಸಾಕ್ಷ್ಯಚಿತ್ರವೆಂದರೆ ಸಾಕ್ಷಿ ನಿಜ, ಆದರೆ ಆ ಸಾಕ್ಷಿ ಎಲ್ಲವನ್ನೂ ಹೇಳಿಬಿಡುತ್ತದೆ ಎಂದು ತಿಳಿಯಬೇಡಿ. ಎರಡನೆಯ ಸಲ ನೋಡುವಾಗ ಕಾಗದದ ಮೇಲೆ ಇಸವಿಗಳನ್ನು ಬರೆದುಕೊಳ್ಳಿ. ನಡುವೆ ಹತ್ತು ವರ್ಷ ಖಾಲಿ ಬಿದ್ದರೆ ಅಲ್ಲಿ ಏನಾಯಿತೆಂದು ಗ್ರಂಥಾಲಯದಲ್ಲಿ ಹುಡುಕಿ.

ಆ ಹುಡುಗಿ ಮೂರು ಚಿತ್ರ ನೋಡಿ ಮತ್ತೆ ಬಂದಿದ್ದಳು. ಆಮೇಲೆ ಗಂಗೂಬಾಯಿಯವರ ಒಂದು ಹಳೆಯ ಕಛೇರಿಯ ಚಿತ್ರವನ್ನೂ ಹುಡುಕಿ ನೋಡಿದ್ದಳು. ತಾಯಿಯ ಹಿಂದೆ ಕುಳಿತು ದನಿಗೂಡಿಸುವ ಮಗಳು ಕೃಷ್ಣಾ ಹಾನಗಲ್ ಅವಳ ಕಣ್ಣಿಗೆ ಬಿದ್ದರಂತೆ. ದಶಕಗಳ ಕಾಲ ಹಾಗೆ ಜೊತೆಗೂಡಿ ಹಾಡಿದ ಕೃಷ್ಣಾ 2004ರಲ್ಲಿ, ತಾಯಿಗಿಂತ ಮೊದಲೇ, ತೀರಿಕೊಂಡರು ಎಂದು ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಂದ ಕೂತು ಹಾಡವ್ರಿಗೆ ಬ್ಯಾರೇನ ಸಂಭಾವನೆ ಕೊಡತಿದ್ರೇನ್ರಿ ಸರ?” ಎಂದಳು.