ಹತ್ತೇ ಹೆಂಚು ಒಡೆದಿದ್ದರೂ ರಿಪೇರಿಗೆ ಸಾವಿರಾರು ರೂಪಾಯಿ ಏಕೆ?

ಮುಂಗಾರು ಜೋರಾಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲೂಕುಗಳ ಹಳೇ ಹೆಂಚಿನ ಮನೆ, ಅಂಗಡಿಗಳಲ್ಲಿ ಸೋರಿಕೆ ಶುರು. ಆದರೆ ಖರ್ಚು ಏರುವುದು ಒಡೆದ ಹೆಂಚಿಗಿಂತ ಹೆಚ್ಚಾಗಿ ಅದರ ಕೆಳಗಿನ ಮರದಿಂದ.

ಮರ: ಒಡೆದ ಜಾಗದಲ್ಲಿ ನೀರು ಇಳಿದರೆ ರೀಪು ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಒಂದು ರೀಪು ಬದಲಿಸಲು ಆ ಸಾಲಿನ ಹೆಂಚೆಲ್ಲ ಇಳಿಸಬೇಕು. ಇಳಿಸುವಾಗ ಮತ್ತಷ್ಟು ಒಡೆಯುತ್ತವೆ. ಬಡಗಿಯ ಕೂಲಿಯೂ ಸೇರುತ್ತದೆ.

ಹೆಂಚು: 100 ಚದರ ಅಡಿಗೆ ಸುಮಾರು 150 ಮಂಗಳೂರು ಹೆಂಚು ಬೇಕು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಅಳತೆ ಬೇರೆಯಾದರೆ ಹೆಂಚು ಸರಿಯಾಗಿ ಕೂರಲ್ಲ, ಮತ್ತೆ ಸೋರುತ್ತದೆ. ಕೊಳ್ಳಲು ಹೋಗುವಾಗ ಹಳೇ ಹೆಂಚೊಂದನ್ನು ಜೊತೆಗೆ ಒಯ್ಯಿರಿ. ಕೆಡವಿದ ಮನೆಗಳ ಹೆಂಚು ಸಿಕ್ಕರೆ ಉಳಿತಾಯ.

ನಾಡಹೆಂಚಾದರೆ ಪ್ರತಿವರ್ಷ ಕೈಯಾಡಿಸಬೇಕು. ಆ ಕೆಲಸ ಬಲ್ಲವರು ಈಗ ಕಡಿಮೆ.

ಕೂಲಿ: ಮಾಡು ಎತ್ತರವಿದ್ದಷ್ಟೂ, ಇಳಿಜಾರು ಹೆಚ್ಚಿದಷ್ಟೂ ಕೂಲಿ ಜಾಸ್ತಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಜುಲೈ ನಂತರ ತಂಬಾಕು ಕೊಯ್ಲು, ಬೇಯಿಸುವ ಕೆಲಸ. ಆಳು ಸಿಗುವುದೇ ಕಷ್ಟ. ಒಳಹಳ್ಳಿಗಳಿಗೆ ಸಾಗಣೆ ಬಾಡಿಗೆ ಬೇರೆ.

ಹಾಗಾಗಿ ಫೆಬ್ರುವರಿ, ಮಾರ್ಚ್‌ನಲ್ಲೇ ಮಾಡು ನೋಡಿಸುವುದು ಲೇಸು. ದಿನಗೂಲಿಯೋ, ಗುತ್ತಿಗೆಯೋ, ಮರ ಯಾರದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಮಳೆ, ಗಾಳಿಗೆ ವಾಸದ ಮನೆಯೇ ಹಾನಿಯಾಗಿದ್ದರೆ ರಿಪೇರಿಗೆ ಮುನ್ನ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ತಕ್ಷಣ ತಿಳಿಸಿ. ಸರಿಪಡಿಸಿದ ಮೇಲೆ ಹಾನಿ ತೋರಿಸುವುದು ಕಷ್ಟ, ಪರಿಹಾರ ಕೈತಪ್ಪಬಹುದು.