ತುಂಬಲಾರದ ನಷ್ಟಕ್ಕೆ ತುಂಬದ ಪುಟ

ಹಿರಿಯ ಸಾಹಿತಿಯೊಬ್ಬರು ತೀರಿಕೊಂಡ ಮರುದಿನ ಪತ್ರಿಕೆಗಳಲ್ಲಿ ತಪ್ಪದೆ ಕಾಣುವ ಮಾತು ಒಂದಿದೆ: ‘ಅವರ ನಿಧನದಿಂದ ತುಂಬಲಾರದ ನಷ್ಟವಾಗಿದೆ.’ ಸಂಗೀತಗಾರರು ತೀರಿಕೊಂಡಾಗಲೂ ಅದೇ ಮಾತು. ಹೇಳುವವರು ಮನಸಾರೆ ಹೇಳಿದ್ದರೂ ನೂರಾರು ಸಲ ಬಳಕೆಯಾಗಿ ಅದು ಸವೆದುಹೋಗಿದೆ. ಓದುವ ಕಣ್ಣು ಅಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಜಾರುತ್ತದೆ.

ಆದರೆ ಈ ಮಾತನ್ನು ಅಕ್ಷರಶಃ ತೆಗೆದುಕೊಂಡ ಕಲಾವಿದರೂ ಇದ್ದಾರೆ. ನಷ್ಟವನ್ನು ತುಂಬಲಾಗದು ಎಂದಮೇಲೆ ಪುಟವನ್ನಾದರೂ ಮಾತಿನಿಂದ ಏಕೆ ತುಂಬಬೇಕು ಎಂದು ಕೇಳಿದವರು ಅವರು. ಅಗಲಿದವರ ನೆನಪಿಗೆ ಅವರು ಅಚ್ಚು ಹಾಕಿಸಿದ ಹಾಳೆಗಳಲ್ಲಿ ಅಕ್ಷರಗಳಿವೆ, ಹೊಗಳಿಕೆ ಇಲ್ಲ. ಕೆಲವು ಕಡೆ ಓದಲು ಬರುವಂಥ ಒಂದು ಪದವೂ ಇಲ್ಲ. ಇಂಥ ಎರಡು ಪ್ರಸಿದ್ಧ ಕೃತಿಗಳು ಒಂದೇ ವರ್ಷ, ಅಂದರೆ 1969ರಲ್ಲಿ, ಒಂದು ಬೆಲ್ಜಿಯಂನಲ್ಲಿ, ಇನ್ನೊಂದು ಅಮೆರಿಕದಲ್ಲಿ ಹೊರಬಂದವು.

ಓದುವ ಚಿತ್ರ, ನೋಡುವ ಕವಿತೆ

ಅಕ್ಷರಗಳ ಜೋಡಣೆಯಿಂದಲೇ ಅರ್ಥ ಹೊರಡಿಸುವ ಬರಹವನ್ನು ಪಶ್ಚಿಮದ ವಿಮರ್ಶಕರು ದೃಶ್ಯಕಾವ್ಯ ಎನ್ನುತ್ತಾರೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ದೃಶ್ಯಕಾವ್ಯ ಎಂದರೆ ನಾಟಕ. ಇಲ್ಲಿನ ಮಾತು ಅದಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಚಿತ್ರಬಂಧ. ಪದ್ಯವನ್ನು ತಾವರೆಯ ದಳಗಳಲ್ಲೋ ಖಡ್ಗದ ಆಕಾರದಲ್ಲೋ ಹೊಂದಿಸಿ ಬರೆಯುವ ಚಮತ್ಕಾರ ಅದು. ಸಂಸ್ಕೃತದಲ್ಲಿ ದಂಡಿಯ ‘ಕಾವ್ಯಾದರ್ಶ’ ಗೋಮೂತ್ರಿಕೆ, ಸರ್ವತೋಭದ್ರ ಮೊದಲಾದ ಕಷ್ಟದ ಬಂಧಗಳನ್ನು ವಿವರಿಸುತ್ತದೆ. ಆದರೆ ಹನ್ನೊಂದನೆಯ ಶತಮಾನದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಚಿತ್ರಕಾವ್ಯಕ್ಕೆ ಕೊಟ್ಟದ್ದು ಕೊನೆಯ ದರ್ಜೆ. ಅದರಲ್ಲಿ ವ್ಯಂಗ್ಯಾರ್ಥ ಇಲ್ಲ ಎಂಬುದು ಅವನ ಕಾರಣ. ಅಕ್ಷರಗಳ ಆಟದಿಂದ ಮನಸ್ಸು ಕಲಕುವುದೇ ಎಂಬ ಆ ಹಳೆಯ ಪ್ರಶ್ನೆಯನ್ನು ಈ ಶ್ರದ್ಧಾಂಜಲಿಗಳಿಗೂ ಕೇಳಬೇಕಾಗುತ್ತದೆ.

ಗೋರಿ ಎಂಬ ಹೆಸರಿನ ಪದ್ಯ

ಫ್ರಾನ್ಸಿನಲ್ಲಿ ಅಗಲಿದ ಗುರುಹಿರಿಯರ ನೆನಪಿಗೆ ಕೃತಿ ರಚಿಸುವ ಪದ್ಧತಿ ಬಹಳ ಹಳೆಯದು. ಇಂಥ ಕೃತಿಗೆ ಅಲ್ಲಿ ‘ತೊಂಬೊ’ ಎಂದು ಹೆಸರು, ಎಂದರೆ ಗೋರಿ. ಕವಿ ಸ್ತೆಫಾನ್ ಮಲಾರ್ಮೆ (1842-1898) ಎಡ್ಗರ್ ಅಲನ್ ಪೋ, ಬೋದಿಲೇರ್, ವರ್ಲೇನ್ ಮೂವರಿಗೂ ಇಂಥ ಪದ್ಯಗಳನ್ನು ಬರೆದ. ಸಂಗೀತದಲ್ಲೂ ಈ ಪದ್ಧತಿ ಇತ್ತು. ಮೊರಿಸ್ ರವೆಲ್ 1914ರಿಂದ 1917ರವರೆಗೆ ರಚಿಸಿದ ‘ಕೂಪರಾಂನ ಗೋರಿ’ ಹೆಸರಿಗೆ ಹಿಂದಿನ ಕಾಲದ ಸಂಗೀತಗಾರನದು. ಆದರೆ ಅದರ ಆರು ಭಾಗಗಳನ್ನು ಆತ ಅರ್ಪಿಸಿದ್ದು ಮೊದಲ ಮಹಾಯುದ್ಧದಲ್ಲಿ ಮಡಿದ ತನ್ನ ಗೆಳೆಯರಿಗೆ. ಮುದ್ರಿತ ಪ್ರತಿಯ ಮುಖಪುಟಕ್ಕೆ ಅಸ್ಥಿಕಲಶದ ಚಿತ್ರವನ್ನೂ ಆತನೇ ಬರೆದ.

1918ರಲ್ಲಿ ಸಂಗೀತ ರಚನಕಾರ ಕ್ಲೋದ್ ದೆಬ್ಯುಸಿ ತೀರಿಕೊಂಡ. 1920ರ ಡಿಸೆಂಬರಿನಲ್ಲಿ ಪ್ಯಾರಿಸಿನ ‘ರೆವ್ಯು ಮ್ಯುಸಿಕಾಲ್’ ಪತ್ರಿಕೆ ಅವನ ನೆನಪಿಗೆ ವಿಶೇಷ ಪುರವಣಿ ತಂದಿತು. ಸ್ಟ್ರಾವಿನ್ಸ್ಕಿ, ಬಾರ್ಟೋಕ್, ರವೆಲ್, ಸಾತಿ ಸೇರಿದಂತೆ ಹತ್ತು ಮಂದಿಯ ಹೊಸ ರಚನೆಗಳು ಅದರಲ್ಲಿದ್ದವು. ಮುಖಪುಟಕ್ಕೆ ಚಿತ್ರಕಾರ ರಾವುಲ್ ದ್ಯುಫಿಯ ಕಲ್ಲಚ್ಚು. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು ಪ್ರತಿ ತೆಗೆಯುವ ವಿಧಾನ ಇದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ಹೀಗೆ ಸಂಗೀತ, ಅಕ್ಷರ, ಚಿತ್ರ ಮೂರೂ ಒಬ್ಬ ಅಗಲಿದವನ ಸುತ್ತ ಅಚ್ಚಿನ ಹಾಳೆಯಲ್ಲಿ ಸೇರಿದವು.

ಕಪ್ಪು ಪಟ್ಟಿಯಾದ ಸಾಲುಗಳು

ಇತರರಿಗೆ ಗೋರಿಪದ್ಯ ಬರೆದ ಮಲಾರ್ಮೆಗೆ ಅತಿ ವಿಚಿತ್ರವಾದ ಗೋರಿ ಕಟ್ಟಿದವನು ಬೆಲ್ಜಿಯಂನ ಮಾರ್ಸೆಲ್ ಬ್ರೋತಾರ್ಸ್ (1924-1976).

ಮಲಾರ್ಮೆಯ ಕೊನೆಯ ದೊಡ್ಡ ಕೃತಿ ದಾಳದ ಎಸೆತವನ್ನು ಕುರಿತ ದೀರ್ಘ ಕವಿತೆ. ಅದರಲ್ಲಿ ಪದಗಳು ಸಾಲಾಗಿ ನಿಲ್ಲುವುದಿಲ್ಲ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ನೇರ ಅಕ್ಷರ, ಓರೆ ಅಕ್ಷರಗಳಲ್ಲಿ ಎದುರುಬದುರು ಪುಟಗಳ ಮೇಲೆ ಅವು ಚದುರಿವೆ. ನಡುವೆ ಉಳಿದ ಬಿಳಿಯ ಜಾಗವೂ ಕವಿತೆಯ ಭಾಗವೇ. 1897ರ ಮೇ ತಿಂಗಳಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಕವಿ ಬಯಸಿದ ರೀತಿಯಲ್ಲಿ ಅದು ಅಚ್ಚಾಗಲಿಲ್ಲ. ಮನಸ್ಸಿಗೆ ಒಪ್ಪುವ ಪುಸ್ತಕಕ್ಕಾಗಿ ಆತ ಕರಡು ತಿದ್ದುತ್ತಿದ್ದಾಗಲೇ 1898ರ ಸೆಪ್ಟೆಂಬರಿನಲ್ಲಿ ಸಾವು ಬಂತು. ಕವಿತೆ ಪುಸ್ತಕವಾದದ್ದು 1914ರಲ್ಲಿ.

ಬ್ರೋತಾರ್ಸ್ ಕೂಡ ಮೊದಲು ಕವಿ. ಅವನ ತಾರುಣ್ಯದಲ್ಲಿ ಮಲಾರ್ಮೆಯ ಈ ಕವಿತೆಯ ಪ್ರತಿಯನ್ನು ಕೈಗಿತ್ತವನು ಚಿತ್ರಕಾರ ರೆನೆ ಮಾಗ್ರಿತ್. ನಲವತ್ತನೆಯ ವಯಸ್ಸಿನವರೆಗೆ ಕವಿತೆ ಬರೆದ ಬ್ರೋತಾರ್ಸ್ 1964ರಲ್ಲಿ ತನ್ನ ಕವನ ಸಂಕಲನದ ಉಳಿದ ಪ್ರತಿಗಳನ್ನು ಪ್ಲಾಸ್ಟರಿನಲ್ಲಿ ಹುಗಿದು ಶಿಲ್ಪ ಮಾಡಿದ. ಓದಬೇಕೆಂದರೆ ಶಿಲ್ಪ ಒಡೆಯಬೇಕು. ಶಿಲ್ಪ ಉಳಿಯಬೇಕೆಂದರೆ ಓದುವ ಆಸೆ ಬಿಡಬೇಕು.

1969ರಲ್ಲಿ ಆತ ಮಲಾರ್ಮೆಯ ಪುಸ್ತಕವನ್ನೇ ಎತ್ತಿಕೊಂಡ. ಅದೇ ಮುಖಪುಟ, ಅದೇ ಶೀರ್ಷಿಕೆ. ‘ಕವಿತೆ’ ಎಂದಿದ್ದ ಕಡೆ ಮಾತ್ರ ‘ಚಿತ್ರ’ ಎಂದು ಹಾಕಿದ. ಒಳಪುಟಗಳಲ್ಲಿ ಪ್ರತಿ ಸಾಲಿನ ಜಾಗದಲ್ಲಿ ಕಪ್ಪು ಪಟ್ಟಿ ಎಳೆದ. ಮೂಲದಲ್ಲಿ ಅಕ್ಷರ ದೊಡ್ಡದಿದ್ದರೆ ಪಟ್ಟಿ ದಪ್ಪ, ಚಿಕ್ಕದಿದ್ದರೆ ಸಣ್ಣ. ಪದಗಳು ಹೋದವು, ಅವು ನಿಂತಿದ್ದ ಜಾಗ ಹಾಗೇ ಉಳಿಯಿತು. ಹತ್ತು ಪ್ರತಿಗಳನ್ನು ಅಲ್ಯೂಮಿನಿಯಂ ತಗಡಿನ ಮೇಲೆ, ತೊಂಬತ್ತನ್ನು ಹಿಂದಿನ ಪುಟ ಕಾಣುವಷ್ಟು ತೆಳುವಾದ ಹಾಳೆಯ ಮೇಲೆ, ಮುನ್ನೂರನ್ನು ಸಾಮಾನ್ಯ ಹಾಳೆಯ ಮೇಲೆ ತಯಾರಿಸಲಾಯಿತು.

ಕವಿಯ ಮಾತನ್ನು ಅಳಿಸುವುದು ಅವಮಾನವಲ್ಲವೇ? ಬ್ರೋತಾರ್ಸ್‌ನ ದೃಷ್ಟಿಯಲ್ಲಿ ಆಧುನಿಕ ಕಲೆಯ ಅವಕಾಶ, ಅಂದರೆ ಖಾಲಿ ಜಾಗದ ಬಳಕೆ, ಹುಟ್ಟಿದ್ದೇ ಮಲಾರ್ಮೆಯಿಂದ. ಅರ್ಥದ ಹಿಂದೆ ಓಡುವ ಓದುಗ ಆ ಜಾಗವನ್ನು ಗಮನಿಸುವುದಿಲ್ಲ. ಅರ್ಥವನ್ನು ಮುಚ್ಚಿದಾಗ ಕವಿಯ ಆ ಸಾಧನೆ ಕಣ್ಣಿಗೆ ಬೀಳುತ್ತದೆ.

ಹೇಳಲು ಇಷ್ಟವಿಲ್ಲ

ಅದೇ ವರ್ಷದ ಎರಡನೆಯ ಕೃತಿ ಸಂಗೀತಗಾರನೊಬ್ಬನದು. ಅಮೆರಿಕದ ಜಾನ್ ಕೇಜ್ (1912-1992) ಮೌನವನ್ನೇ ಸಂಗೀತ ಕಛೇರಿಗೆ ತಂದವನು. ಅವನ 1952ರ ಒಂದು ಕೃತಿಯಲ್ಲಿ ವಾದಕ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡುಗಳ ಕಾಲ ಏನನ್ನೂ ನುಡಿಸುವುದಿಲ್ಲ. ಸಂಗೀತ ಮನಸ್ಸನ್ನು ಶಾಂತಗೊಳಿಸಲು ಇರುವುದು ಎಂಬ ಭಾರತೀಯ ನಂಬಿಕೆಯನ್ನು ಅವನಿಗೆ 1946ರಲ್ಲಿ ತಿಳಿಸಿದವರು ಗೀತಾ ಸಾರಾಭಾಯಿ.

ಕೇಜ್ ತುಂಬ ಗೌರವಿಸುತ್ತಿದ್ದ ಕಲಾವಿದ ಮಾರ್ಸೆಲ್ ದುಶಾಂ. ಚಿತ್ರಕಲೆಯಲ್ಲಿ ಹೆಸರಾದ ದುಶಾಂ 1913ರಲ್ಲಿ ಟೋಪಿಯಿಂದ ಚೀಟಿ ಎತ್ತಿ, ಬಂದ ಸ್ವರಗಳನ್ನೇ ಬರೆದುಕೊಂಡು ತನಗೂ ಇಬ್ಬರು ತಂಗಿಯರಿಗೂ ಹಾಡು ರಚಿಸಿದ್ದ. ಆಕಸ್ಮಿಕವನ್ನೇ ನೆಚ್ಚಿ ಸಂಗೀತ ಕಟ್ಟಿದ ಕೇಜ್‌ಗೆ ಈ ದಾರಿಯಲ್ಲಿ ಆತ ಹಿರಿಯ. ದುಶಾಂಗೆ ಚದುರಂಗದ ಹುಚ್ಚು. ಅವನ ಹತ್ತಿರ ಇರಬೇಕೆಂಬ ಆಸೆಯಿಂದ ಕೇಜ್ ಅವನಲ್ಲಿ ಚದುರಂಗ ಕಲಿಯಲು ಹೋಗುತ್ತಿದ್ದ.

1968ರ ಅಕ್ಟೋಬರ್ 2ರಂದು ದುಶಾಂ ತೀರಿಕೊಂಡ. ಪತ್ರಿಕೆಯೊಂದು ಅವನ ಬಗ್ಗೆ ನಾಲ್ಕು ಮಾತು ಕೇಳಿದಾಗ, ಮಾರ್ಸೆಲ್ ಬಗ್ಗೆ ಏನನ್ನೂ ಹೇಳಲು ಇಷ್ಟವಿಲ್ಲ ಎಂದವನು ಚಿತ್ರಕಾರ ಜಾಸ್ಪರ್ ಜಾನ್ಸ್. ಕೇಜ್ ಆ ಮಾತನ್ನೇ ತನ್ನ ಶ್ರದ್ಧಾಂಜಲಿಯ ಹೆಸರಾಗಿಸಿಕೊಂಡ.

ವಿನ್ಯಾಸಕಾರ ಕ್ಯಾಲ್ವಿನ್ ಸಮ್ಷನ್ ಜೊತೆ ಸೇರಿ ಮಾಡಿದ ಈ ಕೆಲಸದ ವಿಧಾನ ಹೀಗಿದೆ. ಚೀನಾದ ಪ್ರಾಚೀನ ಶಕುನಗ್ರಂಥ ‘ಯಿ ಚಿಂಗ್’ನಲ್ಲಿ 64 ರೇಖಾಕೃತಿಗಳಿವೆ. ನಾಣ್ಯ ಚಿಮ್ಮಿ ಅವುಗಳಲ್ಲಿ ಒಂದನ್ನು ಕಂಡುಕೊಳ್ಳುವುದು ಕ್ರಮ. ನಿಘಂಟಿನಿಂದ ಯಾವ ಪದ ಎತ್ತಬೇಕು, ಅಕ್ಷರದ ಮಾದರಿ ಯಾವುದು, ಎಲ್ಲಿ ಇಡಬೇಕು, ಅದರಲ್ಲಿ ಎಷ್ಟು ಅಳಿಸಿಹೋಗಬೇಕು ಎಂಬುದನ್ನೆಲ್ಲ ಕೇಜ್ ಹೀಗೆ ಶಕುನಕ್ಕೆ ಬಿಟ್ಟ. ಬಂದ ಅಕ್ಷರಗಳನ್ನು ಗಾಜಿನಂತೆ ಪಾರದರ್ಶಕವಾದ ಪ್ಲೆಕ್ಸಿಗ್ಲಾಸ್ ಫಲಕಗಳ ಮೇಲೆ ಸಿಲ್ಕ್ ಸ್ಕ್ರೀನ್ ವಿಧಾನದಲ್ಲಿ ಅಚ್ಚು ಹಾಕಲಾಯಿತು. ಮರದ ಪೀಠದಲ್ಲಿ ಎಂಟೆಂಟು ಫಲಕಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ ಎಂಟು ಜೋಡಣೆಗಳನ್ನು ಮಾಡಿದರು. ಎಂಟೆಂಟಲ ಅರವತ್ತನಾಲ್ಕು, ಶಕುನದ ಆಕೃತಿಗಳೂ ಅಷ್ಟೇ, ಚದುರಂಗದ ಮನೆಗಳೂ ಅಷ್ಟೇ. ಜೊತೆಗೆ ಕಪ್ಪು ಹಾಳೆಯ ಮೇಲೆ ಎರಡು ಕಲ್ಲಚ್ಚುಗಳು.

ನೋಡುವವರು ಒಂದು ಹೆಜ್ಜೆ ಸರಿದರೆ ಹಿಂದಿನ ಫಲಕದ ಅಕ್ಷರ ಮುಂದಿನದರ ಜೊತೆ ಕೂಡಿಕೊಳ್ಳುತ್ತದೆ, ಇನ್ನೊಂದು ಹೆಜ್ಜೆಗೆ ಬಿಟ್ಟುಹೋಗುತ್ತದೆ. ಪದ ಆಗುವಂತೆ ತೋರಿ ಆಗದೆ ಉಳಿಯುತ್ತದೆ. ದುಃಖದಲ್ಲಿರುವವರ ಬಾಯಿಗೆ ಮಾತು ಬಂದೂ ಬಾರದ ಸ್ಥಿತಿಗೆ ಇದಕ್ಕಿಂತ ಸಮೀಪದ ಚಿತ್ರ ಸಿಗುವುದು ಕಷ್ಟ.

ಮುಂದೆ ಕೇಜ್ ಲೇಖಕ ಥೋರೋಗೂ ಇದೇ ಬಗೆಯ ಗೌರವ ಸಲ್ಲಿಸಿದ. ಗಾಂಧೀಜಿ ಮೆಚ್ಚಿದ ‘ಸವಿನಯ ಕಾನೂನುಭಂಗ’ ಪ್ರಬಂಧದ ಕರ್ತೃ ಥೋರೋ ತನ್ನ ದಿನಚರಿಯಲ್ಲಿ ಅಲ್ಲಲ್ಲಿ ಪುಟ್ಟ ಗೀಟುಚಿತ್ರಗಳನ್ನು ಬರೆದಿದ್ದ. ಅವುಗಳಲ್ಲಿ ಹದಿನೇಳನ್ನು ಆರಿಸಿ 1978ರಲ್ಲಿ ಕೇಜ್ ಅಚ್ಚು ಹಾಕಿಸಿದ. ಥೋರೋ 1862ರಲ್ಲೇ ತೀರಿಕೊಂಡಿದ್ದರೂ ಆ ಚಿತ್ರಗಳು ‘ಥೋರೋ ಬರೆದದ್ದು’ ಎಂಬ ಹೆಸರಿನಲ್ಲೇ ಬಂದವು.

ಚಮತ್ಕಾರವೇ, ಗೌರವವೇ?

ಮಮ್ಮಟನ ಆಕ್ಷೇಪಕ್ಕೆ ಉತ್ತರವೇನು? ಮಲಾರ್ಮೆ ಯಾರೆಂದು ತಿಳಿಯದವರಿಗೆ ಕಪ್ಪು ಪಟ್ಟಿ ಬರೀ ಕಪ್ಪು ಪಟ್ಟಿಯೇ. ದುಶಾಂನನ್ನು ಅರಿಯದವರಿಗೆ ಒಡೆದ ಅಕ್ಷರಗಳು ಕೆಟ್ಟ ಅಚ್ಚಿನಂತೆ ಕಾಣಬಹುದು. ಈ ಮಿತಿ ನಿಜ. ಆದರೆ ಯಾವ ಶ್ರದ್ಧಾಂಜಲಿಯೂ ಮೊದಲು ತಲುಪುವುದು ಅಗಲಿದವರನ್ನು ಬಲ್ಲವರನ್ನೇ. ಒಂದೇ ಚಿತ್ರ ಬರೆಯದೆ ಅಚ್ಚಿನಲ್ಲಿ ಹಲವು ಪ್ರತಿ ತೆಗೆದದ್ದರಿಂದ ಅದು ಅಂಥ ಹಲವರಿಗೆ ಸಿಕ್ಕಿತು. ಬ್ರೋತಾರ್ಸ್‌ನ ಪುಟ ನೋಡಿದವರಿಗೆ, ಅಲ್ಲಿ ಏನಿತ್ತು ಎಂಬ ಕುತೂಹಲ ಹುಟ್ಟುತ್ತದೆ. ಉತ್ತರ ಬೇಕೆಂದರೆ ಮಲಾರ್ಮೆಯ ಪುಸ್ತಕ ತೆರೆಯಲೇಬೇಕು. ಸತ್ತ ಕವಿಗೆ ಹೊಸ ಓದುಗರನ್ನು ಕಳಿಸಿಕೊಡುವುದು ಚಿಕ್ಕ ಗೌರವವಲ್ಲ. ಚಿತ್ರಕಾವ್ಯದಲ್ಲಿ ಮಮ್ಮಟ ಕಾಣದ ವ್ಯಂಗ್ಯಾರ್ಥ ಇಲ್ಲಿ ಖಾಲಿ ಜಾಗದಲ್ಲಿ ಸಿಗುತ್ತದೆ.

ಪ್ಯಾರಿಸಿನ ಪೆರ್ ಲಾಶೇಸ್ ಸ್ಮಶಾನದಲ್ಲಿ ಕವಿ ಅಪೊಲಿನೇರ್‌ನ ಸಮಾಧಿ ಇದೆ. ಅಕ್ಷರಗಳಿಂದಲೇ ಮಳೆ, ಹೂವು, ಕನ್ನಡಿಗಳನ್ನು ಬಿಡಿಸಿದ ತನ್ನ ‘ಕ್ಯಾಲಿಗ್ರಾಮ್ಸ್’ ಸಂಕಲನವನ್ನು ಆತ 1917ರಲ್ಲಿ ಯುದ್ಧದಲ್ಲಿ ಮಡಿದ ಗೆಳೆಯನ ನೆನಪಿಗೆ ಅರ್ಪಿಸಿದ್ದ. ಪುಸ್ತಕ 1918ರಲ್ಲಿ ಬಂತು. ಅದೇ ವರ್ಷ ನವೆಂಬರ್ 9ರಂದು, ಯುದ್ಧ ನಿಲ್ಲಲು ಎರಡು ದಿನ ಇರುವಾಗ, ಇನ್‌ಫ್ಲುಯೆಂಜಾದಿಂದ ಆತನೂ ಹೋದ. ಅವನ ಸಮಾಧಿಯ ಮೇಲೆ ಹೃದಯದ ಆಕಾರದಲ್ಲಿ ಅಕ್ಷರಗಳಿವೆ. ಅದು ಅವನದೇ ಕವಿತೆ. ಅವನ ಬಗ್ಗೆ ಹೇಳಲು ಹೊಸ ಮಾತು ಹುಡುಕುವ ಕಷ್ಟ ಅಲ್ಲಿ ಯಾರಿಗೂ ಬರಲಿಲ್ಲ.