ಡ್ರೈಯರ್ ಸದ್ದು ಮಾಡುತ್ತಿದೆಯೇ? ತೆರೆಯುವ ಮುನ್ನ ಕಿವಿಗೊಟ್ಟು ಕೇಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಕರಾವಳಿ ಕರ್ನಾಟಕದಲ್ಲಿ ಸರಾಸರಿ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಂಗಳದ ಹಗ್ಗ ಜಗಲಿಗೆ ಬರುತ್ತದೆ, ಜಗಲಿಯ ಹಗ್ಗ ಅಡುಗೆಮನೆಯವರೆಗೂ ತಲುಪುತ್ತದೆ. ಬೇಸಿಗೆಯಲ್ಲಿ ಯಾರೂ ಮುಟ್ಟದ ಡ್ರೈಯರ್‌ಗೆ ಬಿಡುವಿಲ್ಲದ ಕೆಲಸ ಬೀಳುವುದು ಇದೇ ದಿನಗಳಲ್ಲಿ. ಅದು ಗಡಗಡ ಸದ್ದು ಮಾಡಲು ಆರಂಭಿಸುವುದೂ ಆಗಲೇ.

ಇಲ್ಲಿ ಡ್ರೈಯರ್ ಎಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಅರೆ ಸ್ವಯಂಚಾಲಿತ ವಾಷಿಂಗ್ ಮೆಷಿನ್‌ನ ಎರಡನೆಯ, ಚಿಕ್ಕ ತೊಟ್ಟಿ. ಇದು ಬಿಸಿಗಾಳಿಯಿಂದ ಬಟ್ಟೆ ಒಣಗಿಸುವ ಯಂತ್ರವಲ್ಲ. ರಂಧ್ರಗಳಿರುವ ಡ್ರಮ್ಮನ್ನು ರಭಸದಿಂದ ತಿರುಗಿಸಿ ನೀರನ್ನು ಹೊರಗೆ ಎಸೆಯುವ ಯಂತ್ರ. ಅದರ ರಚನೆ ಸರಳ. ಕೆಳಗೆ ಮೂರು ಸ್ಪ್ರಿಂಗ್‌ಗಳ ಮೇಲೆ ಕುಳಿತ ಮೋಟಾರು, ಅದರ ದಂಡಕ್ಕೆ ಬಿಗಿದ ಬ್ರೇಕ್ ಚಕ್ರ, ಅದರ ಮೇಲೆ ರಬ್ಬರ್ ಸೀಲ್‌ನ ಮೂಲಕ ಹಾದುಬರುವ ಡ್ರಮ್ಮಿನ ದಂಡ. ಸದ್ದು ಎಲ್ಲಿಂದಲೇ ಬರಲಿ, ಮೂಲ ಈ ನಾಲ್ಕಾರು ಭಾಗಗಳಲ್ಲಿಯೇ ಇರುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದಾಗ ಬಹುತೇಕ ಮಂದಿ ಹೇಳುವುದು 'ತುಂಬಾ ಸದ್ದು' ಎಂದಷ್ಟೇ. ಆದರೆ ಸದ್ದು ಎಷ್ಟು ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದೇ ದೋಷವನ್ನು ತೋರಿಸಿಕೊಡುವುದು.

ಸ್ವಿಚ್ ತಿರುಗಿಸಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಡ್ರಮ್ ಅಲುಗಾಡಿ, ವೇಗ ಏರಿದಂತೆ ಶಾಂತವಾದರೆ ಅದು ಸಹಜ. ಸ್ಪ್ರಿಂಗ್‌ಗಳ ಮೇಲಿರುವ ಯಾವುದೇ ವಸ್ತುವಿಗೆ ತನ್ನದೇ ಆದ ಒಂದು ತೂಗಾಟದ ಗತಿ ಇರುತ್ತದೆ. ಡ್ರಮ್ಮಿನ ವೇಗ ಆ ಗತಿಯನ್ನು ದಾಟಿಹೋಗುವ ಕ್ಷಣದಲ್ಲಿ ಕಂಪನ ಹೆಚ್ಚುತ್ತದೆ. ನಿಲ್ಲುವಾಗಲೂ ಅದೇ ಗತಿಯನ್ನು ಮರಳಿ ದಾಟಬೇಕಾದ್ದರಿಂದ ಮತ್ತೊಮ್ಮೆ ಅಲುಗಾಡುತ್ತದೆ. ಇದಕ್ಕಾಗಿ ಯಾರನ್ನೂ ಕರೆಸಬೇಕಿಲ್ಲ.

ಪೂರ್ಣ ವೇಗದಲ್ಲಿಯೂ ದಡದಡ ಬಡಿತ ನಿಲ್ಲದಿದ್ದರೆ ಮೊದಲು ಬಟ್ಟೆಯನ್ನು ಶಂಕಿಸಬೇಕು. ಡ್ರಮ್ಮಿನ ವೇಗ ನಿಮಿಷಕ್ಕೆ ಸುಮಾರು 1,300ರಿಂದ 1,400 ಸುತ್ತು. ಹನ್ನೆರಡು ಸೆಂ.ಮೀ. ತ್ರಿಜ್ಯದ ಡ್ರಮ್ಮಿನ ಅಂಚಿನಲ್ಲಿ ಒಂದು ಬದಿಗೆ ಕೇವಲ 100 ಗ್ರಾಂ ತೂಕ ಹೆಚ್ಚಾದರೂ ಈ ವೇಗದಲ್ಲಿ ಅದು 20 ಕಿಲೋಗೂ ಮಿಕ್ಕಿದ ಬಲದಿಂದ ದಂಡವನ್ನು ಎಳೆಯುತ್ತದೆ. ನೀರು ಕುಡಿದ ಒಂದು ಟರ್ಕಿ ಟವೆಲ್ ಒಂದು ಬದಿಗೆ, ನಾಲ್ಕು ತೆಳು ಬೈರಾಸು ಇನ್ನೊಂದು ಬದಿಗೆ ಬಿದ್ದರೆ ಏನಾಗಬಹುದೆಂದು ಊಹಿಸಬಹುದು. ಬಟ್ಟೆಗಳನ್ನು ಸುತ್ತಲೂ ಸಮನಾಗಿ ಒತ್ತಿ, ಮೇಲೆ ರಂಧ್ರವಿರುವ ಪ್ಲಾಸ್ಟಿಕ್ ಬಿಲ್ಲೆಯನ್ನು ಇಡಬೇಕು. ಕೊಂಡ ತಿಂಗಳೊಳಗೆ ಕಳೆದುಹೋಗುವ ಈ ಬಿಲ್ಲೆ ಅಲಂಕಾರಕ್ಕೆ ಕೊಟ್ಟದ್ದಲ್ಲ. ಜೀನ್ಸ್ ಪ್ಯಾಂಟನ್ನು ಒಂಟಿಯಾಗಿ ಹಾಕುವುದಕ್ಕಿಂತ ಎರಡನ್ನು ಎದುರುಬದುರಾಗಿ ಹಾಕುವುದು ಲೇಸು. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ತಾಗಿವೆಯೇ ಎಂದೂ ನೋಡಬೇಕು; ಬಚ್ಚಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ.

ಬಟ್ಟೆಯನ್ನೆಲ್ಲ ತೆಗೆದು ಖಾಲಿ ಡ್ರಮ್ಮನ್ನು ಒಮ್ಮೆ ತಿರುಗಿಸಿ ನೋಡುವುದು ಮುಂದಿನ ಪರೀಕ್ಷೆ. ಖಾಲಿಯಾಗಿಯೂ ಯಂತ್ರ ಕುಣಿದರೆ ದೋಷ ಕೆಳಗಿದೆ ಎಂದರ್ಥ. ಮೂರು ಸ್ಪ್ರಿಂಗ್‌ಗಳಲ್ಲಿ ಒಂದು ತುಂಡಾಗಿರಬಹುದು, ಅಥವಾ ಅದರ ರಬ್ಬರ್ ಜಾರಿರಬಹುದು. ಉಪ್ಪು ಗಾಳಿಯ ಊರುಗಳಲ್ಲಿ ಸ್ಪ್ರಿಂಗ್ ತುಕ್ಕು ಹಿಡಿದು ಮುರಿಯುವುದು ಹೊಸತೇನಲ್ಲ. ಒಂದು ಮುರಿದಿದ್ದರೆ ಮೂರನ್ನೂ ಬದಲಿಸುವುದು ಉಚಿತ. ಹಳೆಯ ಎರಡರ ಜೊತೆ ಹೊಸ ಒಂದನ್ನು ಸೇರಿಸಿದರೆ ಮೋಟಾರು ವಾಲಿಯೇ ಕೂರುತ್ತದೆ.

ಖಟಖಟ ಎಂಬ ಲೋಹದ ಸದ್ದಾದರೆ ಡ್ರಮ್ಮಿಗೂ ಹೊರ ತೊಟ್ಟಿಗೂ ನಡುವೆ ನಾಣ್ಯ, ಪಿನ್ನು ಅಥವಾ ರವಿಕೆಯ ಹುಕ್ಕು ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಕರವಸ್ತ್ರ, ಮಕ್ಕಳ ಕಾಲುಚೀಲಗಳೂ ಅಲ್ಲಿಗೆ ಇಳಿಯುತ್ತವೆ. ಅವು ಖಟಖಟ ಎನ್ನುವುದಿಲ್ಲ, ದಂಡಕ್ಕೆ ಸುತ್ತಿಕೊಂಡು ಡ್ರಮ್ಮನ್ನೇ ನಿಲ್ಲಿಸುತ್ತವೆ. ಆಗ ಕೇಳುವುದು ಮೋಟಾರಿನ 'ಹುಂ' ಎಂಬ ಗುನುಗು ಮಾತ್ರ. ಕೆಪಾಸಿಟರ್ ಕೆಟ್ಟಾಗಲೂ ಇದೇ ಗುನುಗು ಕೇಳುವುದರಿಂದ, ಹೊಸ ಕೆಪಾಸಿಟರ್ ಕೊಳ್ಳುವ ಮುನ್ನ ಮನೆಯ ಕಾಲುಚೀಲಗಳ ಲೆಕ್ಕ ಹಾಕುವುದು ಒಳ್ಳೆಯದು.

ಇಲ್ಲಿ ಅನೇಕರು ಎಡವುವ ಒಂದು ವಿಷಯವಿದೆ. ಮುಚ್ಚಳ ತೆರೆದು ಕೈಯಿಂದ ತಿರುಗಿಸಿದಾಗ ಡ್ರಮ್ ಬಿಗಿಯಾಗಿದ್ದರೆ 'ಜಾಮ್ ಆಗಿದೆ' ಎಂದು ತೀರ್ಮಾನಿಸಲಾಗುತ್ತದೆ. ವಾಸ್ತವದಲ್ಲಿ ಬಹುತೇಕ ಯಂತ್ರಗಳಲ್ಲಿ ಮುಚ್ಚಳ ತೆರೆದಾಗ ಬ್ರೇಕ್ ಹಿಡಿಯಬೇಕು. ಮುಚ್ಚಳಕ್ಕೂ ಕೆಳಗಿನ ಬ್ರೇಕಿಗೂ ಒಂದು ತಂತಿಯ ಸಂಬಂಧವಿದೆ. ಮುಚ್ಚಿದಾಗ ತಂತಿ ಎಳೆದು ಬ್ರೇಕ್ ಸಡಿಲವಾಗುತ್ತದೆ, ತೆರೆದಾಗ ಬ್ರೇಕಿನ ಪಟ್ಟಿ ಚಕ್ರವನ್ನು ಒತ್ತುತ್ತದೆ. ಡ್ರಮ್ ನಿಜವಾಗಿ ಸಲೀಸಾಗಿ ತಿರುಗುತ್ತದೆಯೇ ಎಂದು ತಿಳಿಯಬೇಕಾದರೆ, ಪ್ಲಗ್ ಕಿತ್ತು, ಹಿಂಬದಿಯ ತಗಡು ಬಿಚ್ಚಿ, ಬ್ರೇಕಿನ ಸನ್ನೆಯನ್ನು ಕೈಯಿಂದ ಎಳೆದು ಹಿಡಿದು ತಿರುಗಿಸಿ ನೋಡಬೇಕು.

ಈ ತಂತಿ ಕಾಲಾಂತರದಲ್ಲಿ ಹಿಗ್ಗುತ್ತದೆ. ಆಗ ಮುಚ್ಚಳ ಮುಚ್ಚಿದರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಡ್ರಮ್ ತಿರುಗುವಷ್ಟು ಹೊತ್ತೂ ಕಿರ್ರೆಂಬ ಸದ್ದು, ಜೊತೆಗೆ ರಬ್ಬರ್ ಸುಟ್ಟ ವಾಸನೆ. ತಂತಿಯನ್ನು ಸ್ವಲ್ಪ ಬಿಗಿಗೊಳಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಆದರೆ ಅತಿಯಾಗಿ ಬಿಗಿದರೆ ತೊಂದರೆ ತಿರುಗುಮುರುಗಾಗುತ್ತದೆ: ಮುಚ್ಚಳ ತೆರೆದರೂ ಬ್ರೇಕ್ ಹಿಡಿಯದೆ ಡ್ರಮ್ ಸುತ್ತುತ್ತಲೇ ಇರುತ್ತದೆ. ಸುತ್ತುವ ಡ್ರಮ್ಮಿನಲ್ಲಿ ಒದ್ದೆ ಬಟ್ಟೆಯ ತುದಿ ಬೆರಳಿಗೆ ಸುತ್ತಿಕೊಂಡರೆ ಬೆರಳು ಉಳಿಯುವುದು ಕಷ್ಟ. ಬಿಗಿಗೊಳಿಸಿದ ಬಳಿಕ ಹಿಂಬದಿ ಮುಚ್ಚಿ, ಒಮ್ಮೆ ಓಡಿಸಿ, ಮುಚ್ಚಳ ತೆರೆದಾಗ ಡ್ರಮ್ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆಯೇ ಎಂದು ನೋಡದೆ ಬಳಸಕೂಡದು. ಸದ್ದಿಲ್ಲದ ಡ್ರೈಯರ್ ಎಂದ ಮಾತ್ರಕ್ಕೆ ಸುರಕ್ಷಿತ ಡ್ರೈಯರ್ ಎನ್ನಲಾಗದು. ತಂತಿಯನ್ನು ಮುಟ್ಟಿಯೇ ಇಲ್ಲದಿದ್ದರೂ ಬ್ರೇಕ್ ಜಾರುತ್ತಿದ್ದರೆ ಚಕ್ರದ ಮೇಲೆ ನೀರು ಬೀಳುತ್ತಿದೆಯೇ ಎಂದು ಪರಿಶೀಲಿಸಬೇಕು.

ಈ ನೀರಿನ ವಿಷಯವೇ ಎಲ್ಲಕ್ಕಿಂತ ಗಂಭೀರ. ಡ್ರಮ್ಮಿನ ದಂಡ ತೊಟ್ಟಿಯ ತಳವನ್ನು ದಾಟುವಲ್ಲಿ ರಬ್ಬರ್ ಸೀಲ್, ಅದರ ನಡುವೆ ಎಣ್ಣೆ ಹೀರಿದ ಬುಷ್ ಇರುತ್ತದೆ. ಸಾಬೂನಿನ ನೀರು, ಮರಳು, ವರ್ಷಗಟ್ಟಲೆ ಓರೆಯಾಗಿ ತುಂಬಿದ ಬಟ್ಟೆ ಇವೆಲ್ಲ ಸೇರಿ ಅದನ್ನು ಸವೆಸುತ್ತವೆ. ಬುಷ್ ಒಣಗಿದಾಗ ವೇಗ ಏರಿದಂತೆ ಏರುವ, ಬೀಸುವ ಕಲ್ಲಿನಂಥ ಗರಗರ ಸದ್ದು ಬರುತ್ತದೆ. ಸೀಲ್ ಸವೆದಿದ್ದರೆ ತೊಟ್ಟಿಯ ನೀರು ನೇರವಾಗಿ ಕೆಳಗಿರುವ ಮೋಟಾರಿನ ಮೇಲೆ ತೊಟ್ಟಿಕ್ಕುತ್ತದೆ. ಗರಗರ ಸದ್ದು ಮತ್ತು ಯಂತ್ರದಡಿ ತುಕ್ಕು ಬಣ್ಣದ ನೀರು, ಇವೆರಡೂ ಒಟ್ಟಿಗೆ ಕಂಡರೆ ಆ ದಿನವೇ ಬಳಕೆ ನಿಲ್ಲಿಸಬೇಕು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಟ್ಟೆ ತೆಗೆಯುವವರಿಗೆ ಶಾಕ್ ತಗುಲುವ ಅಪಾಯ ಇಲ್ಲಿದೆ. ಮುಟ್ಟಿದಾಗ ಬೆರಳಿಗೆ ಸಣ್ಣಗೆ ಜುಮ್ಮೆಂದರೂ ಅದನ್ನು ಎಚ್ಚರಿಕೆ ಎಂದೇ ತಿಳಿಯಬೇಕು. ಎರಡು ಪಿನ್ನಿನ ಪ್ಲಗ್ಗಿಗೆ ಬದಲಾಯಿಸಿ ಅರ್ಥಿಂಗ್ ತಪ್ಪಿಸಿರುವ ಮನೆಗಳಲ್ಲಂತೂ ಇನ್ನೂ ಹೆಚ್ಚು. ಮನೆಯ ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ ಸೋರಿಕೆಯಾದ ಕ್ಷಣ ವಿದ್ಯುತ್ ಕಡಿತವಾಗುತ್ತದೆ. ಪದೇ ಪದೇ ಬೀಳುತ್ತದೆಂದು ಅದನ್ನೇ ತೆಗೆಸಿಹಾಕುವವರೂ ಇದ್ದಾರೆ.

ಸೀಲ್ ಬದಲಿಸುವುದು ಕೈಪಳಗಿದವರಿಗೆ ಕಷ್ಟವಲ್ಲ. ಬ್ರೇಕ್ ಚಕ್ರದ ಬೋಲ್ಟ್ ಸಡಿಲಿಸಿದರೆ ಡ್ರಮ್ ಮೇಲಕ್ಕೆ ಎತ್ತಲು ಬರುತ್ತದೆ. ಕಳೆದುಹೋದ ಕಾಲುಚೀಲಗಳೂ ಸಿಗುವುದು ಆಗಲೇ. ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ ಬಲಪ್ರಯೋಗ ಮಾಡದೆ ಮೆಕ್ಯಾನಿಕ್‌ಗೆ ಬಿಡುವುದು ವಾಸಿ, ದಂಡ ಬಾಗಿದರೆ ಖರ್ಚು ಹಲವು ಪಟ್ಟಾಗುತ್ತದೆ. ಕೆಪಾಸಿಟರ್‌ನ ತುದಿಗಳನ್ನಂತೂ ಮುಟ್ಟಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು.

ಹಿಂಬದಿ ತೆರೆದಾಗ ಇನ್ನೊಂದನ್ನು ಗಮನಿಸುವುದೊಳಿತು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಇಲಿಗಳು ಯಂತ್ರದ ತಳದಿಂದ ಒಳಸೇರಿ ತಂತಿಗಳನ್ನು ಕಡಿಯುತ್ತವೆ. ತಳಕ್ಕೆ ಜಾಲರಿ ಇಲ್ಲದಿದ್ದರೆ ಅದೇ ದಿನ ಒಂದನ್ನು ಬಿಗಿಸಿಬಿಡಬಹುದು.